ಕೆಂಪು ಸೋಡಾ ಇಲ್ಲದ ಬೆಳಿಗ್ಗೆ

"ಟ್ಯೂಬ್ ಅದಲುಬದಲು ಮಾಡಿದ್ದು ನೀವೇ!"

ಚಂತಿರಾಳ ಕೂಗಿಗೆ ಬ್ಯಾಂಕಾಕಿನ ಆ ಪ್ರಯೋಗಾಲಯವೇ ತಿರುಗಿ ನೋಡಿತು. ರಕ್ತದಿಂದ ಕೋಶಗಳನ್ನು ಬೇರ್ಪಡಿಸುವ ಯಂತ್ರದ ಮುಂದೆ, ಅಂದೇ ಕೆಲಸಕ್ಕೆ ಸೇರಿದ್ದ ವಸಿನ್ ನಿಂತಿದ್ದ.

"ಎರಡನೇ ಟ್ಯೂಬಿನ ಕೊಲ್ಲುವ ಕೋಶಗಳು ಕ್ಯಾನ್ಸರ್ ಕೋಶದ ಪಕ್ಕದಲ್ಲೇ ಸುಮ್ನೆ ಕೂತಿವೆ. ಏನು ಕೊಟ್ರಿ ನಂಗೆ?"

"ನೀವು ಕೇಳಿದ್ದನ್ನೇ."

"ಸುಳ್ಳುಗಾರ!"

ಅವನು ಯಂತ್ರದತ್ತ ತಿರುಗಿ ಮುಂದಿನ ಟ್ಯೂಬ್ ಇಟ್ಟ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

ಮೂರು ತಿಂಗಳು ಅವಳು ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಳು. ಅವನು ದಿನಾ ಬೆಳಿಗ್ಗೆ ಯಂತ್ರದ ಮುಂದೆ ಸ್ಟ್ರಾ ಹಾಕಿದ ಕೆಂಪು ಸೋಡಾ ನೈವೇದ್ಯವಿಟ್ಟು, ಜಾಗ ಕಾಯುವ ದೇವತೆಗೆ ಕೈಮುಗಿದು, ಅವಳಿಗಾಗಿ ಕೋಶ ಬೇರ್ಪಡಿಸುತ್ತಿದ್ದ. ಊಟದ ಕೋಣೆಯಲ್ಲಿ ಅವಳ ಜಾಗದಲ್ಲಿ ಅಂಟಕ್ಕಿ ಅನ್ನ, ಸುಟ್ಟ ಹಂದಿಮಾಂಸದ ಪೊಟ್ಟಣ ಇಡುತ್ತಿದ್ದ.

"ಲಂಚಾನಾ?"

"ತಿಂದ್ಮೇಲೆ ಬೈರಿ. ದನಿ ಇನ್ನೂ ಜೋರಾಗತ್ತೆ."

ಅವಳು ಮುಖ ತಿರುಗಿಸಿ ನಕ್ಕಿದ್ದಳು. ಅವನಿಗೆ ಕಾಣದ ಹಾಗೆ!

ಆ ಸೋಮವಾರ ಸೋಡಾ ಇರಲಿಲ್ಲ.

ಚಂತಿರಾಳ ಕೈ ಕೆಲಸದಲ್ಲಿ ನಿಲ್ಲಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಕತ್ತು ತಿರುಗಿತು. ಎದ್ದಳು, ಕೂತಳು, ಮತ್ತೆ ಎದ್ದಳು...

"ಏನೇ ಆಯ್ತು ನಿಂಗೆ? ಮೈಮೇಲೆ ಇರುವೆ ಬಿಟ್ಕೊಂಡವ್ಳ ಹಂಗೆ ಆಡ್ತಿದೀಯಾ!" ಎಂದಳು ಗಾಜು ತೊಳೆಯುವ ನೋಯ್ ಚಿಕ್ಕಮ್ಮ.

"ಚಿಕ್ಕಮ್ಮಾ, ಯಂತ್ರದ ಮುಂದೆ ಸೋಡಾ ಇಲ್ಲ..."

"ಹೌದಾ? ನಾನು ನೋಡ್ಲೇ ಇಲ್ಲ. ವಸಿನ್ ಚಿಯಾಂಗ್ ಮಾಯ್‌ಗೆ ವರ್ಗ ತಗೊಂಡಿದಾನಲ್ಲ, ರೈಲು ಹಿಡಿಯೋಕೆ ಈಗ ದೋಣಿಕಟ್ಟೆಗೆ ಹೋದ. ಸುಳ್ಳುಗಾರ ಅನ್ನಿಸ್ಕೊಂಡು ಎಷ್ಟು ದಿನ ಇರ್ತಾನೆ ಪಾಪ?"

ಚಂತಿರಾ ಕೈಗವಸು ಕಿತ್ತೆಸೆದಳು. ಮೂರು ದಿನದ ಹಿಂದೆಯೇ ಅವಳಿಗೆ ನಿಜ ಗೊತ್ತಾಗಿತ್ತು. ಟ್ಯೂಬ್ ಬದಲಾಗಿರಲೇ ಇಲ್ಲ!

ಕೊಲ್ಲುವ ಕೋಶಗಳು ಎದುರಾದ ಕೋಶವನ್ನೆಲ್ಲ ಮುಟ್ಟಿ, 'ನಮ್ಮವರು' ಎಂಬ ಗುರುತನ್ನು ಹುಡುಕುತ್ತವೆ. ಬೆಳೆಯುವಾಗಲೇ ಆ ಗುರುತನ್ನು ಹಿಡಿದು ಹಿಡಿದು ಪಳಗಿದ ಕೋಶ, ಅದು ಕಾಣದಾದ ಕೂಡಲೇ ಕೆರಳುತ್ತದೆ. ಆ ಗುರುತನ್ನು ಹಿಡಿಯಲಾರದ ಕೋಶಕ್ಕೆ ಆ ಪಾಠವೇ ಆಗಿರುವುದಿಲ್ಲ. ಎದುರಿಗೆ ಗುರುತು ಕಳಚಿಕೊಂಡ ಕ್ಯಾನ್ಸರ್ ಕೋಶ ಇದ್ದರೂ ತೆಪ್ಪಗಿರುತ್ತದೆ. ಎರಡನೇ ಟ್ಯೂಬಿಗೆ ಅವಳು ಕೇಳಿದ್ದು ಅಂಥವನ್ನೇ. ಅವೂ ಕೊಲ್ಲುತ್ತವೆಂದು ಹಟ ಹಿಡಿದವಳೂ ಅವಳೇ. ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬಂದಿರಲಿಲ್ಲ.

ಬಿಳಿ ಕೋಟಿನಲ್ಲೇ ನದಿಯ ಕಟ್ಟೆಗೆ ಓಡಿದಳು.

"ವಸಿನ್!"

ಚೀಲ ಹಿಡಿದು ನಿಂತವನು ತಿರುಗಿದ.

"ನಿಮ್ಮದು ತಪ್ಪಿಲ್ಲ. ತಪ್ಪು ನಂದು! ಎಲ್ಲರೆದುರು ಬೈದೆ... ಎಲ್ಲರೆದುರೇ ಕ್ಷಮೆ ಕೇಳ್ತೀನಿ."

ದೋಣಿಗೆ ಕಾದಿದ್ದವರೆಲ್ಲ ನೋಡಿದರು.

"ಇಷ್ಟು ಹೇಳೋಕೆ ಓಡಿ ಬಂದ್ರಾ?"

"ಇಲ್ಲ..." ಅವಳ ಕಣ್ಣು ತುಂಬಿತು. "ಬೆಳಿಗ್ಗೆ ಸೋಡಾ ಇರ್ಲಿಲ್ಲ. ಬೇರೆ ಯಾರಿಗೂ ಗೊತ್ತೇ ಆಗ್ಲಿಲ್ಲ. ನಂಗೊಬ್ಬಳಿಗೆ ಉಸಿರು ಕಟ್ಟಿತು. ನೀವಿಲ್ಲದೆ ನಂಗಾಗಲ್ಲ ವಸಿನ್!"

ದೋಣಿ ಬಂತು, ಜನ ಹತ್ತಿದರು. ಅವನು ಚೀಲ ಕೆಳಗಿಟ್ಟ.

"ಇನ್ಮೇಲೆ ಬೈಯಲ್ಲ ಅಂತ ಮಾತು ಕೊಡಿ."

"ಬೈತೀನಿ. ಸುಳ್ಳುಗಾರ ಅಂತ ಮಾತ್ರ ಅನ್ನಲ್ಲ."

"ನಾಳೆ ಸೋಡಾ ಯಾರು ತರೋದು?"

"ನಾನೇ. ಎರಡು ಬಾಟಲಿ. ಒಂದು ದೇವತೆಗೆ."

"ಇನ್ನೊಂದು?"

ಅವಳು ಅವನ ಕೈ ಹಿಡಿದಳು. "ಅದಕ್ಕೆ ಎರಡು ಸ್ಟ್ರಾ."