ಗುಡ್ಡದ ಆಚೆ ಊರಿಗಾಂ

"ಇನ್ನೊಂದ್ ಎಜ್ಜೆ ಮುಂದಿಟ್ರೆ ನಾನ್ ಸುಮ್ನಿರಲ್ಲ! ಅಲ್ಲೇ ನಿಂತ್ಕಳ್ರಿ!"

ಹುರುಳಿ ಹೊಲದ ಬದುವಿನ ಮೇಲೆ ಕುಡುಗೋಲು ಹಿಡಿದು ನಿಂತಿದ್ದಳು ಮುನಿಲಕ್ಷ್ಮಿ. ಎದುರಿಗೆ ಬೂಟು, ಟೋಪಿ, ಬೆನ್ನಿಗೆ ಚೀಲ ಹಾಕಿಕೊಂಡ ಇಪ್ಪತ್ತೈದು ಜನ ಬೆಂಗಳೂರಿನವರು. ಅವರ ಹಿಂದೆ, ಹೂಬಿಟ್ಟ ಹುರುಳಿಯ ನಡುವೆ, ಎತ್ತಿನ ಗಾಡಿ ಹೋದಷ್ಟು ಅಗಲಕ್ಕೆ ತುಳಿದು ಹಾಕಿದ ಗುರುತು.

ಗುಂಪಿನ ಮುಂದಿದ್ದ ಯುವಕ ಕೈಯಲ್ಲಿದ್ದ ಮೊಬೈಲ್ ನೋಡಿದ, ಹೊಲ ನೋಡಿದ.

"ಮೇಡಂ, ಮ್ಯಾಪಲ್ಲಿ ಇದು ದಾರಿ ಅಂತಾನೇ..."

"ಯಾವನ್ಲಾ ಆ ಮ್ಯಾಪ್ ಮಾಡ್ದೋನು?"

ಯುವಕನ ಮುಖ ಕೆಂಪಾಯಿತು. "ನಾನೇ."

"ನಮ್ಮಪ್ಪ ಕೂಲಿಗೋಗಿ ಬಂದ್ಮೇಲೆ ಉತ್ತಿ ಬೆಳ್ದಿರೋ ಒಲ ಇದು. ನಿನ್ ಕಣ್ಗೆ ದಾರಿ ತರ ಕಾಣ್ತದಾ?"

ಯಾರೋ ಹಿಂದಿನಿಂದ ನಕ್ಕರು. ಯುವಕ ತಿರುಗಿ ನೋಡಿದ, ನಗು ನಿಂತಿತು. ಎಲ್ಲರನ್ನೂ ಬದುವಿನ ಮೇಲೆ ಒಬ್ಬೊಬ್ಬರಾಗಿ ಸಾಲಿನಲ್ಲಿ ವಾಪಸು ಕಳಿಸಿದ. ಕೊನೆಯಲ್ಲಿ ತಾನು ಹೊರಡುವಾಗ ಒಂದೇ ಮಾತು ಹೇಳಿದ.

"ತಪ್ಪು ನಂದು. ನಾಳೆ ಬರ್ತೀನಿ."

*ಬಂದಂಗೇ ಇದೆ!* ಅಂದುಕೊಂಡಳು ಅವಳು.

ಆದರೆ ಮರುದಿನ ಭಾನುವಾರ, ಬೂದಿಕೋಟೆಯಿಂದ ಬರುವ ಮೊದಲ ಬಸ್ಸಿಗೇ ಅವನು ಬಂದಿಳಿದಿದ್ದ. ಒಬ್ಬನೇ!

ಅವನ ಹೆಸರು ಸೆಲ್ವರಾಜ್. ಮನೆ ಗುಡ್ಡದ ಆಚೆ, ಮುಚ್ಚಿಹೋದ ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ, ಗಣಿ ಕೆಲಸದವರ ಸಾಲುಮನೆಗಳ ಲೈನಿನಲ್ಲಿ. ರಜೆಯ ದಿನಗಳಲ್ಲಿ ಜನರನ್ನು ಬೆಟ್ಟ ಹತ್ತಿಸುವ ಬೆಂಗಳೂರಿನ ಕಂಪನಿಯೊಂದರಲ್ಲಿ ದಾರಿ ಗುರುತಿಸುವ ಕೆಲಸ. ಆಕಾಶದಿಂದ ತೆಗೆದ ಚಿತ್ರ ನೋಡಿ, ಬದುವಿನ ಗೆರೆಯನ್ನೇ ಕಾಲುದಾರಿ ಎಂದು ತಿಳಿದು ನಕ್ಷೆ ಬರೆದಿದ್ದ.

ಇಡೀ ಬೆಳಿಗ್ಗೆ, ಗುಂಪಿನ ಬೂಟಿಗೆ ಸಿಕ್ಕಿ ಮುರಿದ ಬದುವಿಗೆ ಕಲ್ಲು ಜೋಡಿಸಿದ. ಮುನಿಲಕ್ಷ್ಮಿಯ ಅಪ್ಪ ಮುನಿನಾರಾಯಣಪ್ಪ ದೂರದಲ್ಲೇ ನಿಂತು ನೋಡಿದರು. ಅಜ್ಜಿ ಪಾಪಕ್ಕ ಮಾತ್ರ ಕೋಲೂರಿಕೊಂಡು ಹತ್ತಿರ ಬಂದರು.

"ಊರಿಗಾಂ ಉಡುಗನಾ? ಗುಡ್ಡ ಅತ್ತಿ ಇಳುದ್ರೆ ನಿಮ್ಮೂರೇ ಕಣಪ್ಪ. ತಲೆ ಮ್ಯಾಲೆ ಸೀತಾಫಲದ ಬುಟ್ಟಿ ಒತ್ಕಂಡು ನಿಮ್ ಲೈನ್‌ಗಳಾಗೆಲ್ಲ ಮಾರಿವ್ನಿ. ನಾಲ್ಕ್ ಗಂಟೆ ದಾರಿ. ನಮ್ ಎಂಗಸ್ರೇ ನಡ್ದು ಮಾಡ್ದ ದಾರಿ ಅದು."

ಸೆಲ್ವರಾಜ್ ಕಲ್ಲು ಕೆಳಗಿಟ್ಟ. "ಈಗ ಎಲ್ಲಿದೆ ಅಜ್ಜಿ ಆ ದಾರಿ?"

"ಗಣಿ ಮುಚ್ತು, ಕೊಳ್ಳೋರು ಓದ್ರು. ಬೇಲಿಗಿಡ ನುಂಗಾಕ್ತು."

ಅವನು ಗುಡ್ಡದ ಕಡೆ ನೋಡಿದ. ಮುನಿಲಕ್ಷ್ಮಿಯೂ ನೋಡಿದಳು. ಹುಟ್ಟಿದಾಗಿನಿಂದ ಕಂಡ ಗುಡ್ಡವೇ... ಆದರೆ ಅದರ ಆಚೆಗೂ ನಡೆದು ಹೋಗಬಹುದು ಅಂತ ಅವತ್ತೇ ಮೊದಲು ಅನ್ನಿಸಿತು.

"ತೆಗೀಬೋದಾ?" ಕೇಳಿದ ಅವನು.

"ತೆಗೀಬೋದಾ ಅಂತ ಕೇಳ್ಬೇಡ," ಅಂದಳು ಅವಳು. "ಮಚ್ಚು ತತ್ತೀನಿ, ನಡಿ."

ಹಾಗೆ ಶುರುವಾಯಿತು.

ಪ್ರತಿ ಭಾನುವಾರ ಅವನು ಬರುತ್ತಿದ್ದ. ವಾರವೆಲ್ಲ ಕೂಲಿ ಮಾಡಿದ ಕೈಗೆ ಬಟ್ಟೆ ಸುತ್ತಿಕೊಂಡು ಅವಳು ಹೊರಡುತ್ತಿದ್ದಳು. ಬಂಡೆ ಎಲ್ಲಿ ಬರುತ್ತದೆ, ನೀರಿನ ದೊಣೆ ಯಾವ ಕಡೆ, ಹುಣಸೆಮರ ಕಂಡ ಮೇಲೆ ಎತ್ತ ತಿರುಗಬೇಕು ಅಂತ ಪಾಪಕ್ಕ ಜಗಲಿಯಲ್ಲಿ ಕೂತೇ ಹೇಳಿ ಕಳಿಸುತ್ತಿದ್ದರು. ಬಂಡೆ, ಬಯಲಿನ ಮೇಲೆ ದಾರಿ ಹಾಗೇ ಉಳಿದಿತ್ತು; ಪೊದೆ ದಟ್ಟವಾದ ಕಡೆ ಮಾತ್ರ ಒಂದು ದಿನ ಮೂವತ್ತು ಮಾರು ತೆಗೆದರೆ ಹೆಚ್ಚು. ಮುಳ್ಳು ಕೈ ತುಂಬ ಗೀಚುತ್ತಿತ್ತು. ಊರಿನವರು ನಗುತ್ತಿದ್ದರು.

"ರೋಡೈತೆ, ಬಸ್ಸೈತೆ. ಯಾವನ್ ನಡೀತಾನೆ ಅಲ್ಲಿ?" ಅಂದಿದ್ದರು ಪಕ್ಕದ ಮನೆಯ ಸೀನಪ್ಪ.

"ನಾನ್ ನಡೀತೀನಿ ಮಾವ. ನಡೆಯೋರ್ನ ನಾನೇ ಕರ್ಕೊಂಡೋಗ್ತೀನಿ."

ಬಾಯಿಂದ ಬಂದ ಆ ಮಾತಿಗೆ ಅವಳೇ ಬೆಚ್ಚಿದಳು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ನೆತ್ತಿ ಮುಟ್ಟಿದರು. ದೂರದಲ್ಲಿ, ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಬೂದು ಬಣ್ಣದಲ್ಲಿ ಮಲಗಿದ್ದವು. ಅವುಗಳ ನಡುವೆ ತುಕ್ಕು ಹಿಡಿದ ಗಣಿಯ ಗೋಪುರ.

"ಅಲ್ಲಿಂದಾನೇ ನಮ್ಮಪ್ಪ ಇಳೀತಿದ್ದಿದ್ದು," ಅಂದ ಸೆಲ್ವರಾಜ್ ಮೆಲ್ಲಗೆ. "ಅರ್ಧ ಆಯುಸ್ಸು ಭೂಮಿ ಒಳಗೇ ಹೋಯ್ತು. ಕೆಮ್ಮಿ ಕೆಮ್ಮಿ ಸತ್ರು. ಅದಕ್ಕೇ ನನಗೆ ಎತ್ತರದಲ್ಲಿ ನಿಂತ್ರೇನೇ ಉಸಿರು ಬರೋದು..."

ಅವಳು ಬುತ್ತಿ ಬಿಚ್ಚಿ ರಾಗಿ ರೊಟ್ಟಿಯನ್ನು ಎರಡು ಮಾಡಿ, ದೊಡ್ಡ ತುಂಡನ್ನು ಅವನ ಕಡೆ ಚಾಚಿದಳು. ಬೆರಳು ತಾಗಿದವು. ಇಬ್ಬರೂ ಕೈ ಹಿಂದೆ ತೆಗೆಯಲಿಲ್ಲ.

*ಈ ದಾರಿ ಮುಗೀದೇ ಇದ್ರೆ...!* ಅಂದುಕೊಂಡಳು.

ಆದರೆ ದಾರಿ ಮುಗಿಯಿತು.

ಕೊನೆಯ ಪೊದೆ ಕಡಿದ ದಿನ, ನೀರು ತರಲು ದೊಣೆಗೆ ಹೋದವಳಿಗೆ ಬಂಡೆಯ ಆಚೆಯಿಂದ ಅವನ ದನಿ ಕೇಳಿತು. ಫೋನಿನಲ್ಲಿ ತಮಿಳಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದ.

"ಇನಿಮೇ ನಾನ್ ಅಂಗ ವರಮಾಟ್ಟೇನ್! ಎಲ್ಲಾಂ ಮುಡಿಂಜಿದು!"

ಅಷ್ಟು ತಮಿಳು ಅವಳಿಗೆ ಚೆನ್ನಾಗಿಯೇ ಗೊತ್ತು. ಇನ್ನು ಮೇಲೆ ನಾನು ಅಲ್ಲಿಗೆ ಬರಲ್ಲ. ಎಲ್ಲ ಮುಗೀತು.

ಎತ್ತಿದ ಕೊಡ ವಾಲಿ, ನೀರು ಚೆಲ್ಲಿ ಕಾಲು ನೆನೆದಿದ್ದೂ ಅವಳಿಗೆ ತಿಳಿಯಲಿಲ್ಲ.

*ಓ... ಕೆಲ್ಸ ಮುಗೀತು, ನಾನೂ ಮುಗ್ದೆ. ಅಷ್ಟೇನಾ?*

ಅವತ್ತು ಅವನು ಏನೋ ಹೇಳಲು ಬಂದ. "ತಲೆನೋವು," ಅಂದು ಅವಳು ಮುಂದೆ ನಡೆದುಬಿಟ್ಟಳು. ವಾರವೆಲ್ಲ ಫೋನ್ ಬಂತು, ಎತ್ತಲಿಲ್ಲ. ಶುಕ್ರವಾರದಿಂದ ಫೋನ್ ಬರುವುದೂ ನಿಂತಿತು.

ಶನಿವಾರ ಸಂಜೆ ಪಾಪಕ್ಕ ಕೇಳಿದರು, "ಯಾಕಮ್ಮಿ ಉಂಡಿಲ್ಲ?"

"ಅವ್ನು ಇನ್ನು ಬರಲ್ವಂತೆ ಅಜ್ಜಿ."

"ನಿನ್ಗೆ ಏಳುದ್ನಾ?"

"ಬೇರೆ ಯಾರ್ಗೋ ಏಳ್ತಿದ್ದ. ಕೇಳುಸ್ಕೊಂಡೆ."

"ಬೇರೆಯೋರಿಗೆ ಏಳಿದ್ದನ್ನ ಒತ್ಕಂಡು ಅಳ್ತಾ ಕುಂತಿದ್ದೀಯಾ? ಓಗಿ ಅವುನ್ನೇ ಕೇಳು. ಕಾಲಿಲ್ವಾ ನಿನ್ಗೆ?"

ಆ ಮಾತು ನಾಟಿತು. ಹೌದು, ಅವನು ಬರಲಿ ಅಂತ ಯಾಕೆ ಕಾಯಬೇಕು? ದಾರಿ ಅವಳೇ ಕಡಿದಿದ್ದು ತಾನೇ? ಬರುವುದಿಲ್ಲ ಅನ್ನುವುದಾದರೆ ಎದುರಿಗೆ ನಿಂತು ಹೇಳಲಿ. ಆಮೇಲೆ ಅವನಿಲ್ಲದೆಯೂ ಜನರನ್ನು ಆ ದಾರಿಯಲ್ಲಿ ಕರೆದುಕೊಂಡು ಹೋಗುತ್ತಾಳೆ!

ಭಾನುವಾರ ಬೆಳಕು ಹರಿಯುತ್ತಲೇ ಹೊರಟಳು. ಎಲ್ಲೂ ಕೂರಲಿಲ್ಲ. ಹತ್ತು ಗಂಟೆ ದಾಟುವಷ್ಟರಲ್ಲಿ ಊರಿಗಾಂನ ಲೈನಿನಲ್ಲಿ ನಿಂತು, "ಸೆಲ್ವರಾಜ್ ಮನೆ ಯಾವ್ದು?" ಅಂತ ಕೇಳುತ್ತಿದ್ದಳು.

ಬಾಗಿಲು ತೆರೆದದ್ದು ಅವನ ಅಮ್ಮ ಕದಿರಮ್ಮ. ಅವಳ ಧೂಳು ಮೆತ್ತಿದ ಕಾಲು, ಗೀರು ಬಿದ್ದ ಕೈ ನೋಡಿ ಅವರ ಕಣ್ಣು ಅರಳಿದವು.

"ಮುನಿಲಕ್ಷ್ಮಿನಾ? ಅಯ್ಯೋ ಕಣ್ಣೇ... ಅವನು ಬೆಳಿಗ್ಗೆ ಬಸ್ಸಿಗೆ ನಿಮ್ಮೂರಿಗೇ ಹೋದನಲ್ಲಮ್ಮ!"

"ನಮ್ಮೂರ್ಗಾ? ಬರಲ್ಲ ಅಂದ್ನಲ್ಲ! ಎಲ್ಲ ಮುಗೀತು ಅಂದ್ನಲ್ಲ!"

"ಅದು ಕಂಪನಿಯವರಿಗಮ್ಮ! ಹಳೇ ದಾರಿ ಉದ್ದ ಆಯ್ತು, ಹೊಲದ ಮೇಲೇ ನಡ್ಸು ಅಂದ್ರಂತೆ. ಆಗಲ್ಲ, ನಾನು ನಿಮ್ಮ ಆಫೀಸಿಗೆ ಇನ್ನು ಬರಲ್ಲ ಅಂತ ಕೆಲ್ಸಾನೇ ಬಿಟ್ಟ. ಶುಕ್ರವಾರ ಕಂಪನಿ ಫೋನ್, ಸಾಮಾನು ಎಲ್ಲ ವಾಪಸ್ ಕೊಟ್ಟು ಬಂದ."

ಮುನಿಲಕ್ಷ್ಮಿ ಹೊಸ್ತಿಲ ಮೇಲೇ ಕೂತುಬಿಟ್ಟಳು. ನಮ್ಮ ಹೊಲಕ್ಕಾಗಿ... ನಾನು ಮಾತೂ ಆಡಿಸದೆ ಕಳಿಸಿದ್ದೆನಲ್ಲ!

"ಎದ್ದೇಳು, ಊಟ ಮಾಡು," ಅಂದರು ಕದಿರಮ್ಮ.

"ಈಗ ಬೇಡಮ್ಮ." ಅವಳು ನೀರು ಕುಡಿದು, ಕಣ್ಣೊರೆಸಿಕೊಂಡು ಎದ್ದಿದ್ದಳು. "ಅವ್ನು ಅಲ್ಲೇ ಸಿಕ್ತಾನೆ. ಬತ್ತೀನಿ."

ಬಿಸಿಲು ನೆತ್ತಿಗೆ ಬಂದಿತ್ತು. ಬೆಳಿಗ್ಗೆಯೆಲ್ಲ ನಡೆದ ಕಾಲಲ್ಲೇ ಮತ್ತೆ ಏರು ಹತ್ತಿದಳು. ಹುಣಸೆಮರದ ತಿರುವಿಗೆ ಬಂದಾಗ ಮೇಲಿನಿಂದ ಕಲ್ಲು ಉರುಳುವ ಸದ್ದು. ಯಾರೋ ಓಡೋಡಿ ಇಳಿಯುತ್ತಿದ್ದರು. ಬಿಳಿ ಅಂಗಿ ಪೂರ್ತಿ ಬೆವರು.

ಸೆಲ್ವರಾಜ್!

ಇಬ್ಬರೂ ಹತ್ತು ಮಾರು ದೂರದಲ್ಲೇ ನಿಂತುಬಿಟ್ಟರು.

"ನಿಮ್ಮಜ್ಜಿ... ಗುಡ್ಡ ಹತ್ತಿ ಹೋದ್ಲು ಅಂದ್ರು..." ಅವನ ಏದುಸಿರು ಇನ್ನೂ ನಿಂತಿರಲಿಲ್ಲ. "ಫೋನ್ ಯಾಕೆ ಎತ್ಲಿಲ್ಲ ನೀನು?"

"ಬರಲ್ಲ ಅಂದಿದ್ದು ಕೇಳುಸ್ಕೊಂಡೆ. ನನ್ಗೇ ಅಂದ್ಕೊಂಡೆ."

"ನಿನಗಾ? ಮೂರು ತಿಂಗಳು ಬಸ್ಸಲ್ಲಿ ಬಂದಿದ್ದು ಬೇಲಿಗಿಡ ಕಡಿಯೋಕೆ ಅಂದ್ಕೊಂಡ್ಯಾ?"

ಅವಳ ಕಣ್ಣು ತುಂಬಿ ಬಂದವು. "ತಪ್ಪಾಯ್ತು. ಕೇಳ್ಬೇಕಿತ್ತು ನಾನು... ಅದಕ್ಕೇ ಕೇಳಾಕೆ ಅಂತ ನಿಮ್ಮನೆ ತಂಕ ಓಗಿದ್ದೆ."

ಅವನು ಹತ್ತಿರ ಬಂದ. "ನಿಮ್ಮಪ್ಪನ ಹತ್ರ ಮಾತಾಡ್ದೆ. ಕೆಲ್ಸ ಬಿಟ್ಟೋನು, ಬೇರೆ ಜನ, ನಿನ್ಗೆ ನನ್ ಮಗ್ಳ್ನ ಯಾಕೆ ಕೊಡ್ಲಿ ಅಂದ್ರು."

"ನೀನೇನಂದೆ?"

"ಈ ದಾರೀಲಿ ಜನಾನ ನಾವಿಬ್ರೇ ನಡೆಸ್ತೀವಿ, ದುಡೀತೀವಿ. ಆದ್ರೆ ಮೊದ್ಲು ಅವಳನ್ನ ಕೇಳ್ತೀನಿ, ಆಮೇಲೆ ನೀವು ಎಷ್ಟು ಬೇಕಾದ್ರೂ ಬೈರಿ ಅಂದೆ."

"ಅದುಕ್ಕೆ ಅಪ್ಪ?"

"ಬಿಸ್ಲಲ್ಲಿ ಓಗ್ತಿದ್ದೀಯ, ಟವೆಲ್ ತಗೊಂಡೋಗು ಅಂತ ಅವರದ್ದೇ ಕೊಟ್ರು."

ಅವನ ಹೆಗಲ ಮೇಲೆ ಅಪ್ಪನ ಕೆಂಪು ಟವೆಲ್ ನೋಡಿ ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಕೇಳು ಮತ್ತೆ."

"ಏನು?"

"ನನ್ನ ಕೇಳ್ತೀನಿ ಅಂದ್ಯಲ್ಲ... ಕೇಳು."

ಅವನು ಅವಳ ಎರಡೂ ಕೈ ಹಿಡಿದುಕೊಂಡ.

"ನನ್ನ ಜೊತೆ ಇರ್ತೀಯಾ ಮುನಿ? ಯಾವಾಗ್ಲೂ?"

"ಇರ್ತೀನಿ," ಅಂದಳು ಅವಳು, ಒಂದು ಕ್ಷಣವೂ ತಡೆಯದೆ. "ಯಾರ್ ಬೇಡ ಅಂದ್ರೂ ಇರ್ತೀನಿ."

ಅವನ ಎದೆಗೆ ಹಣೆ ಆನಿಸಿ ನಿಂತಳು. ಗಾಳಿ ಬೀಸುತ್ತಿತ್ತು, ಎಲ್ಲೋ ಕೆಳಗೆ ಮೇಕೆಯೊಂದು ಕೂಗಿತು. ತುಸು ಹೊತ್ತಿನ ಮೇಲೆ ಅವನೇ ಮೆಲ್ಲಗೆ ಕೇಳಿದ.

"ಅಮ್ಮ ಊಟಕ್ಕೆ ಕಾಯ್ತಿರ್ತಾರೆ. ನಮ್ಮನೆ ಹತ್ರ ಇದೆ. ಕಾಲು ನೋವಾ?"

"ನೋವೇ. ಆದ್ರೂ ಮೊದ್ಲು ಅಪ್ಪನ ತಾವ ಓಗಾಣ. ನಾನೇ ಏಳ್ಬೇಕು ಅವ್ರಿಗೆ."

"ಬೈದ್ರೆ?"

"ಬೈಲಿ. ನಿನ್ ಪಕ್ಕದಲ್ಲೇ ನಿಂತ್ಕೊಂಡಿರ್ತೀನಲ್ಲ!"