ಇಪ್ಪತ್ನಾಲ್ಕು ದಾಟಿದ ಟಿಕೆಟ್ಟು

"ನನ್ನ ಬಸ್ಸಲ್ಲಿ ಜನಾನೇ ಇಲ್ಲ ಅಂತ ಬರೆದ ಪುಣ್ಯಾತ್ಮ ಯಾರು?"

ಅವಳು ಬಾಗಿಲಲ್ಲಿ ನಿಂತು ಕೇಳಿದ ರಭಸಕ್ಕೆ ಅವನ ಕೈಯಲ್ಲಿದ್ದ ಚಹಾ ಕೀಬೋರ್ಡಿನ ಮೇಲೆ ತುಳುಕಿತು. ಹೆಗಲಲ್ಲಿ ಚೀಲ, ಕಣ್ಣಲ್ಲಿ ಕೆಂಡ. ಊರಿನ ಕೊನೆಯ ಬಸ್ಸಿನ ಕಂಡಕ್ಟರ್ ಅವಳು. ಅವನೋ, ಟಿಕೆಟ್ ಮೆಷಿನ್ನುಗಳಿಂದ ಬರುವ ಫೈಲುಗಳನ್ನು ಪರೀಕ್ಷಿಸಿ ಲೆಕ್ಕಕ್ಕೆ ಸೇರಿಸುವ ಕಂಪ್ಯೂಟರಿನವನು.

"ಬರೆದಿದ್ದು ನಾನಲ್ಲ ಮೇಡಂ, ಫೈಲು..."

"ಫೈಲಿಗೇನು ಕೈಕಾಲಿದೆಯಾ? ನರ್ಸ್‌ಗಳು, ಹೋಟೆಲಲ್ಲಿ ಪಾತ್ರೆ ತೊಳೆಯೋರು... ನಿಲ್ಲೋಕೂ ಜಾಗ ಇರಲ್ಲ! ಖಾಲಿ ಓಡ್ತಿದೆ ಅಂತ ಬಸ್ ನಿಲ್ಲಿಸ್ತಾರಂತೆ. ನನ್ನನ್ನ ದೂರದ ಡಿಪೋಗೆ ಹಾಕ್ತಾರಂತೆ. ಕಣ್ಣು ಕಾಣದ ನಮ್ಮಪ್ಪನ್ನ ಹಗಲು ಯಾರು ನೋಡ್ಕೋಬೇಕು, ನಿಮ್ಮ ಫೈಲಾ?"

ಅವನು ಅವಳಿಗೆ ಕುರ್ಚಿ ಎಳೆದು ಕೊಟ್ಟು, ಫೈಲು ತೆರೆದ. ಪರದೆಯ ತುಂಬ ಕೆಂಪು ಸಾಲುಗಳು. ಪ್ರತಿ ಟಿಕೆಟ್ಟಿನ ಮುಂದೆಯೂ ಒಂದೇ ತಕರಾರು, ಸಮಯ ತಪ್ಪು.

"24:40 ಅಂತ ಒಂದು ಹೊತ್ತಿದೆಯಾ?"

"ನಮಗಿದೆ. ಡ್ಯೂಟಿ ರಾತ್ರಿನೇ ಶುರು, ಮುಗಿಯೋವರೆಗೂ ಅದೇ ದಿನ. ಮಧ್ಯರಾತ್ರಿ ದಾಟಿದ್ರೂ ಮೆಷಿನ್ನು ಮುಂದಕ್ಕೇ ಎಣಿಸುತ್ತೆ."

ಅವನ ಮುಖ ಬಿಳಿಚಿಕೊಂಡಿತು. ಗಂಟೆ ಇಪ್ಪತ್ಮೂರನ್ನು ಮೀರಬಾರದು ಎಂದು ಫೈಲಿಗೆ ನಿಯಮ ಹಾಕಿದವನು ಅವನೇ. ಅವಳ ಬಸ್ಸು ಹೊರಡುವುದೇ ಮಧ್ಯರಾತ್ರಿಯ ಮೇಲೆ. ಅವಳು ಕೊಟ್ಟ ಟಿಕೆಟ್ಟುಗಳೆಲ್ಲ ಆ ನಿಯಮಕ್ಕೆ ಸಿಕ್ಕಿ ಕಸಕ್ಕೆ ಹೋಗಿದ್ದವು.

"ತಪ್ಪು ನಂದೇ," ಎಂದ.

ಬೈಯಲೆಂದು ಬಂದವಳು ಚೀಲ ಇಳಿಸಿ ಕುರ್ಚಿಯಲ್ಲಿ ಕೂತಳು. 'ಅಯ್ಯೋ... ಇಂಥವನ ಜೊತೆ ಜಗಳ ಆಡೋದಾದ್ರೂ ಹೇಗೆ?'

ಮರುದಿನದಿಂದ ಅಪ್ಪನಿಗೆ ಮಧ್ಯಾಹ್ನದ ಊಟ ಬಡಿಸಿ ಅವಳು ಕಚೇರಿಗೆ ಬರತೊಡಗಿದಳು. ಮೊದಲು ಅವನು 24:40 ಅನ್ನು 00:40 ಮಾಡಿ ನೋಡಿದ. ಕೆಂಪೇನೋ ಹೋಯಿತು. ಆದರೆ ತಾರೀಖು ಬದಲಾಗದೆ, ಟಿಕೆಟ್ಟುಗಳೆಲ್ಲ ಹಿಂದಿನ ರಾತ್ರಿಗೆ ಹೋಗಿ ಕೂತವು. ಹೊರಡುವ ಮೊದಲಿನ ಟಿಕೆಟ್ಟೆಂದು ಲೆಕ್ಕ ಅವನ್ನು ಬಿಟ್ಟಿತು, ಬಸ್ಸು ಮತ್ತೆ ಖಾಲಿ!

"ಬಸ್ಸು ಹೊರಡೋಕೆ ಮುಂಚೆನೇ ಎಲ್ಲರೂ ಇಳಿದು ಮನೆಗೆ ಹೋಗಿದ್ದಾರಲ್ರೀ!" ಎಂದು ಅವಳು ನಕ್ಕಳು. ಪೆಚ್ಚಾಗಿ ಕೂತಿದ್ದ ಅವನೂ ನಕ್ಕ.

ಕೊನೆಗೆ ಅವನು ನಿಯಮವನ್ನೇ ತಿದ್ದಿದ. ಡ್ಯೂಟಿ ಮುಗಿಯುವವರೆಗೂ ಗಂಟೆ ಇಪ್ಪತ್ನಾಲ್ಕನ್ನು ದಾಟಬಹುದು ಎಂದು ಬರೆದ. ಫೈಲು ಒಪ್ಪಿತು. ಸಾಲು ಸಾಲಾಗಿ ಬಸ್ಸು ತುಂಬಿತು. ಖುಷಿಯಲ್ಲಿ ಅವಳು ಅವನ ಕೈ ಹಿಡಿದುಬಿಟ್ಟಿದ್ದಳು! ಬಿಡಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಆ ಖುಷಿ ಮ್ಯಾನೇಜರ್ ಕೋಣೆಯ ಬಾಗಿಲವರೆಗೆ ಮಾತ್ರ.

"ಲೆಕ್ಕ ಸರಿಯಾಗಿದೆ. ಆದರೆ ಬಸ್ಸನ್ನ ಬೇರೆ ದಾರಿಗೆ ಕೊಟ್ಟಾಯ್ತು. ಆದೇಶ ಹೋಗಿದೆ," ಎಂದರು ಮ್ಯಾನೇಜರ್.

"ಸರ್, ತಪ್ಪು ನನ್ನದು. ಶಿಕ್ಷೆ ನನಗೆ ಕೊಡಿ."

"ನಿನಗೆ ಶಿಕ್ಷೆ ಕೊಟ್ರೆ ಬಸ್ಸು ಓಡುತ್ತೇನಪ್ಪಾ?"

ಅವಳು ಮತ್ತೆ ಕಚೇರಿಗೆ ಬರಲಿಲ್ಲ. ಅವನೇ ಒಂದು ಸಂಜೆ ಮನೆ ಹುಡುಕಿಕೊಂಡು ಹೋದ. ಅಪ್ಪನನ್ನು ಅಕ್ಕನ ಮನೆಗೆ ಕಳಿಸಲು ಅವಳು ಬಟ್ಟೆ ಮಡಚುತ್ತಿದ್ದಳು.

"ಬಸ್ಸೇ ಇಲ್ಲ. ಇನ್ಯಾಕೆ ಬಂದ್ರಿ? ಅಯ್ಯೋ ಪಾಪ ಅಂತಾನಾ? ತಪ್ಪು ಮಾಡಿದ್ದಕ್ಕೆ ಪ್ರೀತಿ ತೋರಿಸಬೇಡಿ. ನನಗದು ಬೇಡ!"

"ಕ್ಷಮೆ ಕೇಳೋದಾಗಿದ್ರೆ ಅವತ್ತೇ ಕೇಳಿ ಸುಮ್ಮನಾಗ್ತಿದ್ದೆ. ಮಧ್ಯಾಹ್ನ ಆದ್ರೆ ಬಾಗಿಲ ಕಡೆ ನೋಡ್ತಾ ಕೂರ್ತೀನಿ... ನೀವು ಬರಲ್ಲ. ಅದಕ್ಕೇ ಬಂದೆ."

ಅವಳ ಕೈ ನಿಂತಿತು. ಇದನ್ನು ಕೇಳಬೇಕೆಂದೇ ಅವಳು ಕಾದಿದ್ದಳು. ಕೇಳುವ ಹೊತ್ತಿಗೆ ಹೊರಡಬೇಕಾಗಿತ್ತು.

"ಆ ಡಿಪೋ ಒಂದು ಹಗಲಿನ ದಾರಿ," ಎಂದಳು.

"ಗೊತ್ತು."

"ಅಕ್ಕನಿಗೆ ಅವಳ ಪಾಡೇ ಸಾಕಾಗಿದೆ. ಅಪ್ಪನ್ನ ಎಷ್ಟು ದಿನ ಇಟ್ಕೋತಾಳೋ..."

"ಗೊತ್ತು."

"ಯಾವುದೂ ಸರಿಹೋಗಲ್ಲ ಕಣ್ರೀ!"

"ಗೊತ್ತಿದ್ದೇ ಬಂದೆ."

ಅವಳು ತಡೆಹಿಡಿದಿದ್ದ ಅಳು ಒತ್ತರಿಸಿ ಬಂತು. ಒಳಕೋಣೆಯಿಂದ ಅಪ್ಪನ ದನಿ ಕೇಳಿತು.

"ಯಾರಮ್ಮಾ ಬಂದಿರೋದು?"

ಅವಳು ಕಣ್ಣೊರೆಸಿಕೊಂಡಳು. ಅವನ ಮುಖ ನೋಡಿದಳು.

"ನಮ್ಮೋರೇ ಅಪ್ಪಾ."

"ಮತ್ತೆ ನಿಲ್ಲಿಸ್ಕೊಂಡು ಮಾತಾಡ್ತೀಯಲ್ಲ... ಕೂರೋಕೆ ಹೇಳಮ್ಮ."