ಯಾಳಿ ಕುಡಿದ ಹೊಗೆಸುರೆ

ಬೆಟ್ಟಗಳಿಗೆ ಕಿವಿ ಇದ್ದ, ಮೃಗಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ ಬೆಳ್ಮಲೆ ಎಂಬ ರಾಜ್ಯವಿತ್ತು. ವರ್ಷಕ್ಕೆ ನಾಲ್ಕು ತಿಂಗಳು ಅಲ್ಲಿ ಹಿಮ ಬೀಳುತ್ತಿತ್ತು. ಭತ್ತ ಬೆಳೆಯುತ್ತಿರಲಿಲ್ಲ, ರಾಗಿ ಬೆಳೆಯುತ್ತಿರಲಿಲ್ಲ, ಜವೆಗೋಧಿಯೊಂದೇ ಬೆಳೆಯುತ್ತಿತ್ತು. ರಾಜ್ಯಕ್ಕೆ ಬರುವ ದಾರಿಯೂ ಒಂದೇ, ಎರಡು ಬೆಟ್ಟಗಳ ನಡುವಿನ ಕಣಿವೆ. ಆ ಕಣಿವೆಯ ಬಾಯಲ್ಲಿ ಒಂದು ಯಾಳಿ ಕಾವಲಿತ್ತು. ಅದಕ್ಕೆ ಸಿಂಹದ ಮೈ, ಆನೆಯ ಸೊಂಡಿಲು.

ಕಣಿವೆಯಾಚೆ ಬೂದಿಕೋಟೆಯಲ್ಲಿ ಬೂದಿಮುಖನೆಂಬ ಮಾಂತ್ರಿಕನಿದ್ದ. ಅವನು ಉಸಿರು ಬಿಟ್ಟರೆ ಉರಿಯುವ ಒಲೆ ಆರುತ್ತಿತ್ತು, ಹರಿಯುವ ನೀರು ಬೂದಿಯಾಗುತ್ತಿತ್ತು. ಅವನಿಗೆ ಭಯವಿದ್ದದ್ದು ಯಾಳಿಯ ಬಿಸಿಯುಸಿರಿಗೆ ಮಾತ್ರ. ಹಿಮಗಾಲದಲ್ಲಿ ಆ ಉಸಿರು ತಣ್ಣಗಾಗದಿರಲೆಂದು ಬೆಳ್ಮಲೆಯವರು ಪ್ರತಿ ವರ್ಷ ಮೊದಲ ಹಿಮಕ್ಕೆ ಮುಂಚೆ ಯಾಳಿಗೆ ಒಂದು ಹಂಡೆ ಹೊಗೆಸುರೆ ಕುಡಿಸುತ್ತಿದ್ದರು.

ಹೊಗೆಸುರೆ ಮಾಡಲು ಬರುತ್ತಿದ್ದದ್ದು ಒಂದೇ ಮನೆಗೆ. ಆ ಮನೆಯಲ್ಲಿ ಬಾಚಲೆ ಎಂಬ ಅಕ್ಕ, ಕೇತ ಎಂಬ ತಮ್ಮ ಇಬ್ಬರೇ ಇದ್ದರು. ಬಾಚಲೆ ಜವೆಯನ್ನು ಎರಡು ದಿನ ನೆನೆಹಾಕುವಳು. ನೀರು ಬಸಿದು ಕಲ್ಲುಹಾಸಿನ ಮೇಲೆ ಹರಡುವಳು. ಮೊಳಕೆ ಬರುವ ತನಕ ದಿನಕ್ಕೆ ನಾಲ್ಕು ಸಲ ಕೈಯಲ್ಲಿ ತಿರುವಿ ಹಾಕುವಳು. ಮೊಳಕೆ ಬಂದ ಕಾಳನ್ನು ಬಿದಿರ ತಟ್ಟಿಯ ಮೇಲೆ ಹಾಕಿ, ಕೆಳಗೆ ಜೌಗಿನಿಂದ ಅಗೆದ, ಕಟ್ಟಿಗೆಯಂತೆ ಬೆಂಕಿ ಹಿಡಿಯುವ ಮಣ್ಣಿನ ಒಣ ಹೆಂಟೆಗಳನ್ನು ಉರಿಸದೆ ಹೊಗೆಯಾಡಿಸುವಳು. ಆಮೇಲೆ ಬೀಸಿ, ಬೆಚ್ಚಗಿನ ನೀರಲ್ಲಿ ಕದಡಿ, ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುವಳು.

ಒಂದು ವರ್ಷ ಕಾಳು ಹರಡಿದ ದಿನವೇ ಬಾಚಲೆಗೆ ಚಳಿಜ್ವರ ಬಂತು. ಮೂಗು ಕಟ್ಟಿತು, ಏಳಲಾಗಲಿಲ್ಲ.

"ಕೇತಾ, ಈ ಸಲ ನೀನೇ ತಿರುವಿ ಹಾಕಪ್ಪ. ನಾಲ್ಕು ಸಲ ಮರೀಬೇಡ. ಬಿಟ್ಟರೆ ಬೇರು ಬೇರು ಹೆಣೆದುಕೊಂಡು ಒಳಗೇ ಬೇಯುತ್ತೆ" ಎಂದಳು.

"ಆಯಿತಕ್ಕಾ, ನೀನು ಮಲಗು" ಎಂದ ಕೇತ.

ಮೊದಲ ದಿನ ತಿರುವಿದ. ಎರಡನೆಯ ದಿನ ಪಕ್ಕದೂರಲ್ಲಿ ಟಗರು ಕಾಳಗವಿತ್ತು. ಒಂದು ಗಳಿಗೆ ನೋಡಿ ಬರೋಣವೆಂದು ಹೋದವನು ಎರಡು ದಿನ ಅಲ್ಲೇ ಉಳಿದ. ವಾಪಸು ಬಂದು ನೋಡಿದರೆ ಕಾಳೆಲ್ಲ ಚಾಪೆಯಂತೆ ಹೆಣೆದುಕೊಂಡಿತ್ತು. ಕೈ ಹಾಕಿದರೆ ಒಳಗೆ ಬಿಸಿ, ಹಸಿರು ಬೂಷ್ಟು, ಕೊಳೆತ ವಾಸನೆ.

ಹೇಳಿದ್ದರೆ ಆಗಲೇ ಮುಗಿಯುತ್ತಿತ್ತು. ಕಣಜದಲ್ಲಿ ಬಿತ್ತನೆಯ ಜವೆ ಇತ್ತು, ಹಿಮಕ್ಕೆ ಇನ್ನೂ ದಿನಗಳಿದ್ದವು. ಆದರೆ ಅಕ್ಕನ ಮುಖ ನೋಡಿ ಹೇಳಲು ಅವನಿಗೆ ನಾಚಿಕೆಯಾಯಿತು. ಕಾಳನ್ನು ಬಿಡಿಸಿ ತೊಳೆದ. ವಾಸನೆ ಮುಚ್ಚಲೆಂದು ಹಸಿ ಕಟ್ಟಿಗೆ ಒಟ್ಟಿ ದಟ್ಟ ಹೊಗೆ ಹಾಕಿದ. ಅದರಲ್ಲೇ ಸುರೆ ಇಳಿಸಿದ.

"ಚೆನ್ನಾಗಿ ಬಂತಾ?" ಎಂದು ಹಾಸಿಗೆಯಿಂದಲೇ ಕೇಳಿದಳು ಬಾಚಲೆ.

"ಚೆನ್ನಾಗಿದೆ ಅಕ್ಕಾ" ಎಂದ ಕೇತ.

ಯಾಳಿ ಆ ಸುರೆ ಕುಡಿಯಿತು. ಮೂರನೆಯ ದಿನ ಕಣಿವೆಯಲ್ಲಿ ದೊಪ್ಪನೆ ಬಿತ್ತು. ಜೀವವಿತ್ತು, ಆದರೆ ಉಸಿರು ತಣ್ಣಗಾಗಿ ಏಳಲಾಗಲಿಲ್ಲ. ಬೂದಿಮುಖ ನಗುತ್ತ ಒಳಗೆ ಬಂದ. ಅವನು ಉಸಿರು ಬಿಟ್ಟ. ಬೆಳ್ಮಲೆಯ ಒಲೆಗಳೆಲ್ಲ ಆರಿದವು, ಬಾವಿಗಳಲ್ಲಿ ಬೂದಿ ತುಂಬಿತು. ಅರಮನೆಯ ಅಂಗಳದಲ್ಲಿ ನಿಂತು ಅವನು ರಾಣಿ ಹೊನ್ನಾಂಬಿಕೆಗೆ ಹೇಳಿದ: "ನೂರು ವರ್ಷ ನನ್ನ ಕೈಲಾಗದ ಕೆಲಸವನ್ನು ನಿಮ್ಮದೊಂದು ಹಂಡೆ ಸುರೆ ಮಾಡಿತು. ಅದನ್ನು ಮಾಡಿದ ಕೈ ನನಗೆ ಬೇಕು."

ರಾಣಿ ಜನರ ಕಡೆ ತಿರುಗಿದಳು. "ಈ ಸುರೆ ಮಾಡಿದವರು ಯಾರು?"

ಜ್ವರದಿಂದ ಎದ್ದಿದ್ದ ಬಾಚಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೇತ ಅವಳ ಪಕ್ಕದಲ್ಲೇ ಇದ್ದ. ತಲೆ ಬಗ್ಗಿಸಿ ಹೆಬ್ಬೆರಳಲ್ಲಿ ನೆಲ ಕೆರೆಯುತ್ತ ನಿಂತ.

"ನಮ್ಮ ಮನೆಯ ಸುರೆ, ತಾಯಿ. ಮನೆಗೆ ಹಿರಿಯವಳು ನಾನು" ಎಂದಳು ಬಾಚಲೆ.

ಬೂದಿಮುಖ ಅವಳ ಕೈಕಟ್ಟಿ ಬೂದಿಕೋಟೆಗೆ ಎಳೆದುಕೊಂಡು ಹೋದ. ಜನ ಅವಳ ಬೆನ್ನಿಗೆ ಉಗಿದರು. ಕೇತ ಅದನ್ನು ನೋಡಿದ. ಅಲ್ಲಿಂದ ಮನೆಗೆ ಬಂದು ಬಾಗಿಲು ಹಾಕಿಕೊಂಡ. ಪಾಪ, ಒಂಟಿ ಹುಡುಗನೆಂದು ನೆರೆಯವರು ತಣ್ಣನೆಯ ರೊಟ್ಟಿ ತಂದುಕೊಟ್ಟರು. ಆ ರೊಟ್ಟಿಯನ್ನು ಅವನು ಮುಟ್ಟಲಿಲ್ಲ.

ಮರುದಿನ ಬಿತ್ತನೆಯ ಜವೆಯನ್ನು ಚೀಲಕ್ಕೆ ತುಂಬಿಕೊಂಡು ಹೊರಟ. ನೀರಿಲ್ಲ, ಬಿಸಿಯಿಲ್ಲ, ಬೆಂಕಿಯಿಲ್ಲ. ಆದರೂ ಒಳ್ಳೆಯ ಹೊಗೆಸುರೆ ಮಾಡಿ ಯಾಳಿಯನ್ನು ಎಬ್ಬಿಸದೆ ಅಕ್ಕನಿಗೆ ಬಿಡುಗಡೆಯಿಲ್ಲ.

ಮೊದಲು ಅವನು ಕಲ್ಲಾಮೆಯ ಬಳಿಗೆ ಹೋದ. ಬೂದಿಯಾಗದ ಚಿಲುಮೆಯೊಂದು ಅದರ ಹೊಟ್ಟೆಯ ಕೆಳಗಿತ್ತು. ಆಮೆ ಅವನ ಮಾತು ಕೇಳಿ ಕತ್ತು ಹೊರಚಾಚಿತು.

"ನೀರು ಕೊಡುತ್ತೇನೆ. ನಿನ್ನ ಅಕ್ಕ ಬೂದಿಕೋಟೆಯಲ್ಲಿ ಯಾಕಿದ್ದಾಳೆ ಹೇಳು."

"ಕಾಳು ಕೆಟ್ಟಿತ್ತು, ಅದಕ್ಕೆ."

"ಕಾಳು ತಾನಾಗಿ ಕೆಡುವುದಿಲ್ಲ" ಎಂದು ಆಮೆ ಕತ್ತು ಒಳಗೆಳೆದುಕೊಂಡಿತು.

ಕೇತ ಅಲ್ಲೇ ಕೂತ. ಬಿಸಿಲು ಏರಿತು, ಬಿಸಿಲು ಇಳಿಯಿತು. ಕೊನೆಗೆ ಚಿಪ್ಪಿನ ಹತ್ತಿರ ಬಾಯಿಟ್ಟು, "ನಾನು ತಿರುವಿ ಹಾಕಲಿಲ್ಲ. ಟಗರು ಕಾಳಗ ನೋಡಲು ಹೋಗಿದ್ದೆ" ಎಂದ.

ಆಮೆ ಪಕ್ಕಕ್ಕೆ ಸರಿಯಿತು. ಕೇತ ಎರಡು ದಿನ ಕಾಳು ನೆನೆಹಾಕಿದ, ನೀರು ಬಸಿದ.

ಆ ಚಳಿಯಲ್ಲಿ ಕಾಳು ಮೊಳೆಯುವಂತಿರಲಿಲ್ಲ. ಅವನು ಬೆಟ್ಟದ ಗವಿಯ ಹೆಣ್ಣು ಗರುಡನ ಬಳಿಗೆ ಹೋದ. ಅದರ ರೆಕ್ಕೆಯ ಅಡಿಯಲ್ಲಿ ಒಂದು ಮನೆ ಹಿಡಿಯುವಷ್ಟು ಜಾಗವಿತ್ತು, ಅಲ್ಲಿ ಸದಾ ಬೆಚ್ಚಗೆ.

"ರೆಕ್ಕೆ ಬಿಚ್ಚುತ್ತೇನೆ. ನಿನ್ನ ಅಕ್ಕ ಬೂದಿಕೋಟೆಯಲ್ಲಿ ಯಾಕಿದ್ದಾಳೆ ಹೇಳು."

"ನಾನು ಕಾಳು ತಿರುವಿ ಹಾಕಲಿಲ್ಲ, ಅದಕ್ಕೆ."

"ತಿರುವದ ಕಾಳು ತಿಪ್ಪೆಗೆ ಹೋಗಬೇಕಿತ್ತು. ಯಾಳಿಯ ಹೊಟ್ಟೆಗೆ ಹೇಗೆ ಹೋಯಿತು?"

ಕೇತನ ಕಿವಿ ಬಿಸಿಯಾಯಿತು. "ಕೆಟ್ಟಿದ್ದು ಗೊತ್ತಿತ್ತು. ಹೊಗೆ ಹಾಕಿ ಮುಚ್ಚಿದೆ. ಚೆನ್ನಾಗಿದೆ ಅಂತ ಅಕ್ಕನಿಗೆ ಸುಳ್ಳು ಹೇಳಿದೆ."

ಗರುಡ ರೆಕ್ಕೆ ಬಿಚ್ಚಿತು. ಕೇತ ಅದರ ಅಡಿಯಲ್ಲಿ ಕಾಳು ಹರಡಿದ. ಐದು ದಿನ, ದಿನಕ್ಕೆ ನಾಲ್ಕು ಸಲ, ಮೊಣಕಾಲೂರಿ ತಿರುವಿದ. ಇಷ್ಟು ಸುಲಭದ ಕೆಲಸವನ್ನು ಬಿಟ್ಟು ಹೋಗಿದ್ದೆನಲ್ಲ ಎಂದು ಪ್ರತಿ ಸಲವೂ ಅವನ ಕಣ್ಣು ತುಂಬುತ್ತಿತ್ತು. ಆರನೆಯ ದಿನ ಮೊಳಕೆ ಕಾಳಿನ ಮುಕ್ಕಾಲು ಉದ್ದ ಬೆಳೆದು, ಸೌತೆಕಾಯಿ ಹೆಚ್ಚಿದಂಥ ಪರಿಮಳ ಬಂತು.

ಇನ್ನು ಬೆಂಕಿ ಬೇಕಿತ್ತು. ಇಡೀ ರಾಜ್ಯದಲ್ಲಿ ಬೆಂಕಿ ಉಳಿದಿದ್ದದ್ದು ಜೌಗುನೆಲದ ಕೆಂಡದ ಉಡದ ಹೊಟ್ಟೆಯಲ್ಲಿ ಮಾತ್ರ.

"ಕೆಂಡ ಉಗುಳುತ್ತೇನೆ" ಎಂದಿತು ಉಡ. "ನಿನ್ನ ಅಕ್ಕ ಬೂದಿಕೋಟೆಯಲ್ಲಿ ಯಾಕಿದ್ದಾಳೆ ಹೇಳು."

"ತಿರುವಿ ಹಾಕಲಿಲ್ಲ. ಮುಚ್ಚಿಟ್ಟೆ. ಸುಳ್ಳು ಹೇಳಿದೆ."

"ಅದು ಸುರೆ ಕೆಟ್ಟ ಕತೆ. ನಾನು ಕೇಳಿದ್ದು ಅದಲ್ಲ. ನೀನು ಇಲ್ಲಿ, ಅವಳು ಅಲ್ಲಿ. ಯಾಕೆ?"

ಕೇತ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮಾತು ಬಂತು. "ರಾಣಿ ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. 'ನಾನು' ಅಂತ ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಜನ ಅಕ್ಕನ ಮೇಲೆ ಉಗಿದರು. ಆಗ ನನಗೆ... ಸದ್ಯ, ನಾನು ಉಳಿದೆ ಅನ್ನಿಸಿತು."

ಉಡ ಮೂರು ಕೆಂಡ ಉಗುಳಿತು.

ಕೇತ ಕೆಂಡವನ್ನು ಮನೆಗೆ ತಂದು ಜೌಗಿನ ಹೆಂಟೆಗೆ ತಾಗಿಸಿದ. ತಟ್ಟಿಗೆ ಕೈ ಇಟ್ಟರೆ ಸುಡದಷ್ಟು ಶಾಖದಲ್ಲಿ ಎರಡು ದಿನ ಹೊಗೆ ಕೊಟ್ಟ. ಕಾಳು ಬೀಸಿ ಆಮೆಯ ನೀರಲ್ಲಿ ಕದಡಿದ. ಹುಳಿ ಬಂದ ಮೇಲೆ ಭಟ್ಟಿ ಇಳಿಸಿದ. ಹನಿ ಹನಿಯಾಗಿ ಇಳಿದ ಸುರೆ ಚಿಲುಮೆಯ ನೀರಿನಷ್ಟು ತಿಳಿಯಾಗಿತ್ತು.

ಹಂಡೆ ಹೊತ್ತು ಕಣಿವೆಗೆ ಬಂದಾಗ ನಡುಮಧ್ಯಾಹ್ನ. ಚಳಿಗೆ ನಡುಗುತ್ತಿದ್ದ ಜನರೂ ರಾಣಿಯೂ ಬಿದ್ದ ಯಾಳಿಯ ಸುತ್ತ ಕೂತಿದ್ದರು. ಯಾಳಿ ಒಂದು ಕಣ್ಣು ತೆರೆಯಿತು.

"ಆ ಮನೆಯ ಸುರೆ ಒಮ್ಮೆ ಕುಡಿದೆ. ಮತ್ತೆ ಯಾಕೆ ಕುಡಿಯಲಿ?"

ಈ ಸಲ ಕೇತ ತಲೆ ಬಗ್ಗಿಸಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದ. "ನಿನ್ನನ್ನು ಬೀಳಿಸಿದ್ದು ನನ್ನ ಅಕ್ಕನ ಕೈ ಅಲ್ಲ, ನನ್ನ ಕೈ. ಕಾಳು ಕೆಡಿಸಿದವನು ನಾನು, ಮುಚ್ಚಿಟ್ಟವನು ನಾನು, ಅಕ್ಕನನ್ನು ಕಟ್ಟಿ ಎಳೆದೊಯ್ಯುವಾಗ ಸುಮ್ಮನಿದ್ದವನೂ ನಾನು. ಇದನ್ನು ಕುಡಿ ಅಂತ ಕೇಳುವ ಯೋಗ್ಯತೆ ನನಗಿಲ್ಲ. ಅಕ್ಕ ಹೇಳಿಕೊಟ್ಟ ಹಾಗೆ ಮಾಡಿದ್ದೇನೆ, ಅಷ್ಟೇ." ಹಂಡೆಯಿಂದ ಒಂದು ಬೊಗಸೆ ತೆಗೆದು ತಾನೇ ಮೊದಲು ಕುಡಿದ.

ಜನ ಗದ್ದಲವೆಬ್ಬಿಸಿದರು. ರೊಟ್ಟಿ ಕೊಟ್ಟಿದ್ದ ನೆರೆಯಾಕೆ ಮುಖ ತಿರುಗಿಸಿಕೊಂಡಳು. ಯಾಳಿ ಮಾತ್ರ ಸೊಂಡಿಲು ಚಾಚಿ ಹಂಡೆಯನ್ನು ಬರಿದು ಮಾಡಿತು.

ಅದು ಎದ್ದು ನಿಂತಿತು. ಬೂದಿಕೋಟೆಯತ್ತ ಒಂದೇ ಒಂದು ಬಿಸಿಯುಸಿರು ಬಿಟ್ಟಿತು. ಗೋಡೆಗಳು ಹಾರಿದವು, ಬುರುಜುಗಳು ಹಾರಿದವು. ಬೂದಿಮುಖನ ಕಿರೀಟ ಹಾರಿತು, ಗಡ್ಡ ಹಾರಿತು, ಮೈ ಹಾರಿತು. ಬೂದಿಯೆಲ್ಲ ಹಾರಿಹೋದ ಮೇಲೆ ನೋಡಿದರೆ ಆ ಮೈಯೊಳಗೆ ಯಾರೂ ಇರಲಿಲ್ಲ. ಬೆಳ್ಮಲೆಯ ಬಾವಿಗಳಲ್ಲಿ ನೀರು ಚಿಮ್ಮಿತು, ಒಲೆಗಳು ತಾವಾಗಿ ಹೊತ್ತಿಕೊಂಡವು.

ಬಯಲಾದ ನೆಲದಲ್ಲಿ ಬಾಚಲೆ ಒಬ್ಬಳೇ ಕೂತಿದ್ದಳು. ವಿಷದ ಸುರೆ ಮಾಡೆಂದು ಬೂದಿಮುಖ ದಿನವೂ ಪೀಡಿಸಿದ್ದ, ಅಂಥದ್ದು ಮಾಡಲು ತನಗೆ ಬರುವುದಿಲ್ಲ ಎಂದೇ ಅವಳು ಹೇಳಿದ್ದಳು. ಕೇತ ಓಡಿ ಬಂದು ಅವಳಿಂದ ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟ.

"ಅಕ್ಕಾ, ನಾನು..."

"ಗೊತ್ತು ಕಣೋ. ಆ ದಿನ ಅಂಗಳದಲ್ಲೇ ಗೊತ್ತಾಯಿತು, ನಿನ್ನ ಮುಖ ನೋಡಿ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಸ್ವಲ್ಪ ಹೊತ್ತು ಕಾದೆ" ಎಂದಳು ಬಾಚಲೆ.

ಬೈದಿದ್ದರೆ, ಹೊಡೆದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಮಾತಿಗೆ ಕುಸಿದು ಕೂತು ಮಗುವಿನಂತೆ ಅತ್ತ. ಬಾಚಲೆ ಅವನನ್ನು ಅಳಲು ಬಿಟ್ಟಳು. ಅತ್ತು ಮುಗಿದ ಮೇಲೆ ಕೈ ಹಿಡಿದು ಎಬ್ಬಿಸಿದಳು. "ನಡಿ, ಹಸಿವಾಗ್ತಿದೆ ನಂಗೆ" ಎಂದಳು.

ರಾಣಿ ಜನರೆದುರು ಬಾಚಲೆಗೆ ಕೈಮುಗಿದು ಕ್ಷಮೆ ಕೇಳಿದಳು. ಉಗಿದವರೆಲ್ಲ ಸಾಲುಗಟ್ಟಿ ಬಂದು ಅವಳ ಕಾಲು ಮುಟ್ಟಿದರು. ಆ ಹಿಮಗಾಲ ಬೆಳ್ಮಲೆಯಲ್ಲಿ ಯಾರೂ ಚಳಿಯಿಂದ ನರಳಲಿಲ್ಲ, ಯಾರೂ ಹಸಿದು ಮಲಗಲಿಲ್ಲ. ಬಾಚಲೆ ಮದುವೆಯಾದಳು, ಕೇತನೂ ಆದ, ಎರಡು ಮನೆಗಳಲ್ಲೂ ಮಕ್ಕಳು ತುಂಬಿದವು. ಎಲ್ಲರೂ ಬಹುಕಾಲ ನಗುನಗುತ್ತ ಬಾಳಿದರು.

ಹೊಗೆಸುರೆ ಕಲಿಯಲು ದೂರದೂರದಿಂದ ಜನ ಕೇತನ ಬಳಿಗೆ ಬರುತ್ತಿದ್ದರು. ಕಾಳು ಮುಟ್ಟಿಸುವ ಮುಂಚೆ ಅವನು ಅವರನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳುತ್ತಿದ್ದ. ತಲೆ ನೆರೆತ ಮೇಲೂ ರಾಣಿಯ ಅಂಗಳದ ಭಾಗ ಬಂದಾಗ ಅವನ ಮುಖ ಕೆಂಪೇರುತ್ತಿತ್ತು, ಮಾತು ತೊದಲುತ್ತಿತ್ತು. ಆದರೂ ಆ ಭಾಗವನ್ನು ಅವನು ಒಂದು ಸಲವೂ ಬಿಟ್ಟು ಹೇಳಲಿಲ್ಲ.